ರಜೆ ಕೊಟ್ಟರೆ ಸಾಲದು, ಹೊರೆ ಇಳಿಸಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಕೆಲಸದ ಜಾಗದ ಒತ್ತಡ ಮತ್ತು ಬರ್ನ್‌ಔಟ್, ಅಂದರೆ ಆ ಒತ್ತಡದಿಂದ ಪೂರ್ತಿ ಬಸವಳಿಯುವುದರ ಬಗ್ಗೆ. ಬರೆದವರಲ್ಲಿ ಹೆಚ್ಚಿನವರು ಕೇಳಿರುವುದು ತಮ್ಮ ಕೈಕೆಳಗೆ ಕೆಲಸ ಮಾಡುವವರ ಸಲುವಾಗಿ. ಹೆಸರು ಬೇಡ ಎಂದವರ ಊರು, ಕೆಲಸ ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ಏಳು ಜನರ ತಂಡ. ಆರು ವರ್ಷ ಅನುಭವವಿರುವ ಹುಡುಗನೊಬ್ಬ ಮೊನ್ನೆ ಮೊನ್ನೆಯವರೆಗೂ ತಂಡದ ಬೆನ್ನೆಲುಬಾಗಿದ್ದ. ಈಗ ಮೂರು ತಿಂಗಳಿಂದ ಮೀಟಿಂಗ್‌ನಲ್ಲಿ ಮಾತಿಲ್ಲ, ಕ್ಯಾಮೆರಾ ಆಫ್, ಏನು ಕೇಳಿದರೂ ‘ಆಯ್ತು, ಮಾಡ್ತೀನಿ’ ಅಷ್ಟೇ. ಭಾನುವಾರ ರಾತ್ರಿ ಹನ್ನೆರಡಕ್ಕೆ ಮೇಲ್ ಬರುತ್ತದೆ. ಕೋಡ್‌ನಲ್ಲಿ ಹಿಂದೆಂದೂ ಮಾಡದ ತಪ್ಪುಗಳು. ಮೂರು ದಿನ ರಜೆ ತಗೋ ಎಂದು ಕಳಿಸಿದೆ. ಸಕಲೇಶಪುರಕ್ಕೆ ಹೋಗಿ ಬಂದ. ಒಂದು ವಾರ ಸರಿಯಿದ್ದ, ಆಮೇಲೆ ಮತ್ತೆ ಅದೇ ಕಥೆ. ಏನು ಮಾಡಲಿ?
(ಬೆಂಗಳೂರು)

ಉತ್ತರ: ರಜೆ ಕೊಟ್ಟಿದ್ದರಲ್ಲಿ ತಪ್ಪಿಲ್ಲ. ಆದರೆ ಆತ ಸಕಲೇಶಪುರದಲ್ಲಿದ್ದ ಮೂರು ದಿನ ಅವನ ಕೆಲಸವೇನೂ ರಜೆ ಹಾಕಲಿಲ್ಲ. ಟಿಕೆಟ್‌ಗಳು, ಅಂದರೆ ಗ್ರಾಹಕರ ದೂರುಗಳು, ಅವನ ಹೆಸರಿನಲ್ಲೇ ಕೂತಿದ್ದವು, ಮೇಲ್‌ಗಳು ಅವನಿಗಾಗಿಯೇ ಕಾದಿದ್ದವು. ಬಂದ ಸೋಮವಾರ ಅವನಿಗೆ ಸಿಕ್ಕಿದ್ದು ಹಳೆಯ ಹೊರೆ, ಅದರ ಮೇಲೆ ಮೂರು ದಿನದ ಬಾಕಿ. ಬರೀ ದಣಿವಾಗಿದ್ದರೆ ಆ ಮೂರು ದಿನದ ನಿದ್ದೆಗೇ ಹೋಗಿಬಿಡುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿದೆ: ಶಕ್ತಿಯೆಲ್ಲ ಬಸಿದುಹೋದ ಭಾವನೆ, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ಕೆಲಸದ ಗುಣಮಟ್ಟ ಕುಸಿಯುವುದು. ನಿಮ್ಮ ಪತ್ರದಲ್ಲಿ ಮೂರೂ ಇವೆ. ಎರಡನೆಯದನ್ನು ಹೆಚ್ಚಿನ ಲೀಡ್‌ಗಳು ಸೊಕ್ಕು ಎಂದೋ, ಬೇರೆ ಕಂಪನಿಗೆ ಹಾರಲು ತಯಾರಿ ಎಂದೋ ಓದಿಕೊಳ್ಳುತ್ತಾರೆ. ‘ಆಯ್ತು, ಮಾಡ್ತೀನಿ’ ಎನ್ನುವವನು ಒಪ್ಪಿಕೊಂಡಿದ್ದಾನೆ ಎಂದಲ್ಲ, ವಾದ ಮಾಡುವಷ್ಟು ತ್ರಾಣವೂ ಅವನಲ್ಲಿ ಉಳಿದಿಲ್ಲ.

ಮೊದಲು ಮಾತು. ಶುಕ್ರವಾರ ಸಂಜೆ ಬೇಡ, ಎರಡು ದಿನ ಅದನ್ನೇ ತಲೆಯಲ್ಲಿ ಹೊತ್ತು ತಿರುಗುತ್ತಾನೆ. ಗಾಜಿನ ಕ್ಯಾಬಿನ್ ಬೇಡ, ಇಡೀ ಫ್ಲೋರ್ ನೋಡುತ್ತದೆ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹನ್ನೊಂದಕ್ಕೆ ಕೆಳಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ನಲವತ್ತು ನಿಮಿಷ ಬಿಡುವಿಟ್ಟುಕೊಳ್ಳಿ. ಕಂಡದ್ದನ್ನಷ್ಟೇ ಹೇಳಿ, ತೀರ್ಪು ಕೊಡಬೇಡಿ: ‘ಕಳೆದ ತಿಂಗಳು ಭಾನುವಾರ ರಾತ್ರಿ ನಿನ್ನಿಂದ ನಾಲ್ಕು ಮೇಲ್ ಬಂದವು. ನೀನು ಸಾಮಾನ್ಯವಾಗಿ ಬಿಡದ ತಪ್ಪು ಎರಡು ರಿಲೀಸ್‌ನಲ್ಲಿ ಉಳಿದಿತ್ತು. ನಾನೇ ಜಾಸ್ತಿ ಹೇರಿದ್ದೀನಾ ಅಂತ ಅನುಮಾನ ಬರ್ತಿದೆ. ಏನಾಗ್ತಿದೆ ಹೇಳು.’ ಅಷ್ಟು ಹೇಳಿ ಸುಮ್ಮನಾಗಿ. ಹತ್ತು ಸೆಕೆಂಡಿನ ಮೌನ ಬಹಳ ಉದ್ದ ಎನಿಸುತ್ತದೆ, ಆದರೂ ಅದನ್ನು ತುಂಬಲು ಹೋಗಬೇಡಿ. ‘ಎಲ್ಲರಿಗೂ ಇದ್ದದ್ದೇ’, ‘ನಮ್ಮ ಕಾಲದಲ್ಲಿ ಎಷ್ಟು ಕಷ್ಟ ಇತ್ತು ಗೊತ್ತಾ’, ‘ಪಾಸಿಟಿವ್ ಆಗಿರು’ ಎಂಬ ಮಾತು ಬಂದರೆ ಆ ಬಾಗಿಲು ಮುಚ್ಚಿತು. ‘ಮನೇಲಿ ಏನಾದ್ರೂ ತೊಂದರೇನಾ?’ ಎಂಬುದನ್ನು ಮೊದಲ ಪ್ರಶ್ನೆ ಮಾಡಬೇಡಿ. ಕಾಳಜಿಯಿಂದಲೇ ಕೇಳಿದರೂ, ಆಫೀಸು ಸರಿಯಾಗಿದೆ, ನಿನ್ನ ಮನೆಯೇ ಸರಿಯಿಲ್ಲ ಎಂದಂತೆ ಕೇಳಿಸುತ್ತದೆ.

‘ಏನಿಲ್ಲ, ಚೆನ್ನಾಗಿದ್ದೀನಿ’ ಎಂದೇ ಅವನು ಹೇಳಬಹುದು. ಕೆದಕಬೇಡಿ. ಒಂದು ಹಾಳೆ ತೆಗೆದು, ‘ಈ ವಾರ ನಿನ್ನ ಹೆಸರಲ್ಲಿ ಏನೇನಿದೆ, ಇಬ್ಬರೂ ಬರೆಯೋಣ’ ಎನ್ನಿ. ಮನಸ್ಸಿನ ಬಗ್ಗೆ ಮಾತಾಡಲು ಹಿಂಜರಿಯುವವರೂ ಕೆಲಸದ ಪಟ್ಟಿ ಹೇಳಲು ಹಿಂಜರಿಯುವುದಿಲ್ಲ. ಪ್ರತಿ ಕೆಲಸದ ಮುಂದೆ ವಾರಕ್ಕೆ ಎಷ್ಟು ಗಂಟೆ ಎಂದು ಬರೆಯಿರಿ. ಆರು ವರ್ಷದ ಅನುಭವಿಯ ಹಾಳೆ ಸುಮಾರಾಗಿ ಹೀಗಿರುತ್ತದೆ: ರಿಲೀಸ್ ಕೆಲಸ 16, ಗ್ರಾಹಕರ ಟಿಕೆಟ್ 12, ಮೀಟಿಂಗ್ 11, ಹೊಸಬರಿಬ್ಬರಿಗೆ ಹೇಳಿಕೊಡುವುದು 6, ಆಡಿಟ್ ದಾಖಲೆ 5, ಸಂದರ್ಶನ ಪ್ಯಾನೆಲ್ 4. ಒಟ್ಟು 54. ರಾತ್ರಿ ಬರುವ ಫೋನು ಇದರಲ್ಲಿ ಸೇರಿಲ್ಲ. ‘ಒಂದ್ನಿಮಿಷ ಬಾ ಗುರು’ ಎಂದು ಪಕ್ಕದ ತಂಡದವರು ಎಳೆದೊಯ್ಯುವುದೂ ಸೇರಿಲ್ಲ. ನಿಮ್ಮ ಪ್ಲ್ಯಾನಿಂಗ್ ಶೀಟಿನಲ್ಲಿ ಇವುಗಳಲ್ಲಿ ರಿಲೀಸ್ ಮತ್ತು ಟಿಕೆಟ್ ಮಾತ್ರ, ಅಂದರೆ 28 ಗಂಟೆ, ಕಾಣುತ್ತಿರುತ್ತದೆ. ನೀವು ಅವನಿಗೆ ಇನ್ನೂ ಬಿಡುವಿದೆ ಎಂದುಕೊಂಡಿದ್ದು ಅದಕ್ಕೇ.

ಈಗ ಕಳೆಯಿರಿ. ಸಂದರ್ಶನ ಪೂರ್ತಿ ತೆಗೆದರೆ 4, ಮೀಟಿಂಗ್ 11ರಿಂದ 5ಕ್ಕೆ ಇಳಿಸಿದರೆ 6, ಟಿಕೆಟ್ ಅರ್ಧ ಮಾಡಿದರೆ 6. ಹದಿನಾರು ಗಂಟೆ ಹೋಗಿ 38 ಉಳಿಯಿತು. ಒಂದೆರಡು ತಿಂಗಳು ಅಲ್ಲಿಯೇ ಇರಲಿ. ಹೆಚ್ಚಿನವರು ಎಡವುವುದು ಇಲ್ಲಿಯೇ, ಅದೂ ಮೂರು ರೀತಿಯಲ್ಲಿ.

ಒಂದು, ‘ಪಾಪ, ಸುಧಾರಿಸಿಕೊಳ್ಳಲಿ’ ಎಂದು ಅವನಿಗೆ ಇಷ್ಟವಾದ ಡಿಸೈನ್ ಕೆಲಸ ಕಿತ್ತು ಬೇರೆಯವರಿಗೆ ಕೊಟ್ಟು, ಟಿಕೆಟ್ ತೊಳೆಯುವ ಕೆಲಸವನ್ನು ಅವನಿಗೇ ಬಿಡುವುದು. ಗಾಯದ ಮೇಲೆ ಬರೆ ಎಳೆದ ಹಾಗೆ. ತೆಗೆಯಬೇಕಾದ್ದು ಜೀವ ಹಿಂಡುವ ಕೆಲಸ. ಎರಡು, ಕಳೆದದ್ದನ್ನು ಯಾರಿಗೂ ತಿಳಿಸದಿರುವುದು. ಸಂದರ್ಶನ ಏರ್ಪಡಿಸುವವರು ಹಳೆಯ ಅಭ್ಯಾಸದಂತೆ ಅವನಿಗೇ ಮೆಸೇಜ್ ಹಾಕುತ್ತಾರೆ, ಅವನು ದಾಕ್ಷಿಣ್ಯಕ್ಕೆ ಮಾಡಿಕೊಡುತ್ತಾನೆ. ‘ಇಂದಿನಿಂದ ಈ ವಿಷಯಕ್ಕೆ ನನ್ನನ್ನು ಕೇಳಿ’ ಎಂಬ ಎರಡು ಸಾಲಿನ ಮೇಲ್ ನಿಮ್ಮ ಹೆಸರಿನಲ್ಲಿ ಹೋಗಬೇಕು, ಅವನ ಹೆಸರಿನಲ್ಲಲ್ಲ. ಕಾರಣ ಬರೆಯುವ ಅಗತ್ಯವಿಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಆ ಹದಿನಾರು ಗಂಟೆಯನ್ನು ಪೂರ್ತಿ ತಂಡದ ಎರಡನೇ ಸಮರ್ಥರ ತಲೆಗೆ ಕಟ್ಟುವುದು. ಮೂರು ತಿಂಗಳ ನಂತರ ಇದೇ ಪತ್ರ ಅವರ ಬಗ್ಗೆ ಬರೆಯುತ್ತೀರಿ. ಒಂದಷ್ಟು ಕೆಲಸ ಹಂಚಿಹೋಗಲಿ, ಒಂದಷ್ಟು ನಿಂತೇಹೋಗಲಿ, ಉಳಿದದ್ದರ ದಿನಾಂಕ ಮುಂದಕ್ಕೆ ಹೋಗಲಿ. ದಿನಾಂಕ ಮುಂದೂಡಿ ಎಂದು ಮೇಲಿನವರನ್ನು ಕೇಳುವುದು ಲೀಡ್ ಕೆಲಸ. ಅದು ಮುಜುಗರದ ಮಾತು ಎಂಬುದರಲ್ಲಿ ಸಂದೇಹವಿಲ್ಲ.

ರಾತ್ರಿ ಫೋನಿಗೂ ಒಂದು ನಿಯಮ ಬೇಕು. ನಡುರಾತ್ರಿ ಎದ್ದು ಕೆಲಸ ಮಾಡಿದವರು ಮಾರನೆಯ ದಿನ ಹನ್ನೆರಡರ ನಂತರ ಬರುವುದು ಲಿಖಿತ ನಿಯಮವಾಗಿರಲಿ. ‘ಬೇಕಾದರೆ ಲೇಟಾಗಿ ಬಾ’ ಎಂದು ಬಾಯಿಮಾತಿಗೆ ಬಿಟ್ಟರೆ ಜವಾಬ್ದಾರಿ ಇರುವವರು ಒಂಬತ್ತಕ್ಕೇ ಬಂದು ಕೂರುತ್ತಾರೆ. ಸಾಫ್ಟ್‌ವೇರ್‌ನ ಯಾವುದೋ ಒಂದು ಭಾಗ ಅವನೊಬ್ಬನಿಗೇ ಗೊತ್ತು ಎಂಬ ಸ್ಥಿತಿಯಿದ್ದರೆ ಅವನ ಜೊತೆ ಇನ್ನೊಬ್ಬರನ್ನು ಕೂರಿಸಿ ಕಲಿಸಿ. ಅಲ್ಲಿಯವರೆಗೆ ಅವನು ಎಲ್ಲಿಗೆ ಪ್ರವಾಸ ಹೋದರೂ ಲ್ಯಾಪ್‌ಟಾಪ್ ಜೊತೆಗೇ ಹೋಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿ ರೂಪಿಸಿದವರಲ್ಲಿ ಒಬ್ಬರು. ಮುಂದೆ ಅವರು ಮತ್ತು ಮೈಕೆಲ್ ಲೈಟರ್ ಬರ್ನ್‌ಔಟ್ ಹುಟ್ಟುವ ಆರು ಜಾಗ ಗುರುತಿಸಿದರು: ಕೆಲಸದ ಪ್ರಮಾಣ, ಕೆಲಸದ ಮೇಲಿನ ಹಿಡಿತ, ಮನ್ನಣೆ, ಜೊತೆಗಾರರ ನಂಟು, ನ್ಯಾಯ, ಮೌಲ್ಯ. ಮೇಲೆ ಹೇಳಿದ್ದೆಲ್ಲ ಮೊದಲೆರಡಕ್ಕೆ ಸೇರಿದ್ದು. ಎಂಟು ವಾರವಾದರೂ ಬದಲಾವಣೆ ಕಾಣದಿದ್ದರೆ ಉಳಿದ ನಾಲ್ಕನ್ನು ನೋಡಿ. ಕಳೆದ ಬಡ್ತಿ ಯಾರಿಗೆ ಹೋಯಿತು? ಅವನು ಬರೆದದ್ದನ್ನು ಮೇಲಿನವರ ಮುಂದೆ ತೋರಿಸಿದವರು ಯಾರು? ಹೊರೆ ಇಳಿದ ಮೇಲೂ ಇಳಿಯದ ಕಹಿಯ ಬುಡ ಹೆಚ್ಚಾಗಿ ಅಲ್ಲಿರುತ್ತದೆ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕೂತು ಅದೇ ಹಾಳೆ ನೋಡಿ. ‘ಹೇಗಿದ್ದೀಯಾ’ ಎಂಬುದಕ್ಕಿಂತ ‘ಈ ವಾರ ಹಾಳೆಗೆ ಹೊಸದಾಗಿ ಏನು ಸೇರಿತು?’ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ. ಸುಧಾರಿಸುತ್ತಿದ್ದಾನೆ ಎಂಬುದಕ್ಕೆ ಮೊದಲ ಗುರುತು ನಗು ಅಲ್ಲ, ಮೀಟಿಂಗ್‌ನಲ್ಲಿ ‘ಇದು ಆಗಲ್ಲ’ ಎಂದು ಮತ್ತೆ ವಾದ ಶುರುಮಾಡುವುದು.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಒತ್ತಡ ನಿವಾರಣೆಗೆ ಶುಕ್ರವಾರ ಸಂಜೆ ಐದೂವರೆಗೆ ಯೋಗ, ತಿಂಗಳಿಗೊಮ್ಮೆ ಪಿಜ್ಜಾ ಇಟ್ಟಿದ್ದಾರೆ. ಹಾಜರಿ ಕಡ್ಡಾಯ. ಇದರಿಂದ ಉಪಯೋಗವಿದೆಯೇ?
(ಮೈಸೂರು)

ಉತ್ತರ: ಯೋಗದಿಂದ ಇದೆ, ಪಿಜ್ಜಾದಿಂದಲೂ ತುಸು ಇದೆ, ಕಡ್ಡಾಯ ಹಾಜರಿಯಿಂದ ಇಲ್ಲ. ಐದೂವರೆಗೆ ಮನೆಗೆ ಹೊರಡಬಹುದಾದವರನ್ನು ಕೂರಿಸಿ ಉಸಿರಾಟ ಹೇಳಿಕೊಡುವುದು ಮೂಗಿಗೆ ತುಪ್ಪ ಸವರುವ ಕೆಲಸ. ಅದೇ ಒಂದು ಗಂಟೆ ಕೆಲಸದ ಅವಧಿಯೊಳಗೆ, ಮಧ್ಯಾಹ್ನ ಮೂರಕ್ಕೆ, ಇಷ್ಟವಿದ್ದವರಿಗೆ ಎಂದು ಇಡಲಿ.

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯ ಮ್ಯಾನೇಜರ್. ಐದು ಜನ ಸಿಬ್ಬಂದಿ. ಕೌಂಟರ್‌ನಲ್ಲಿರುವ ಮೇಡಂ ಇತ್ತೀಚೆಗೆ ಗ್ರಾಹಕರ ಮೇಲೆ ರೇಗುತ್ತಾರೆ, ಎರಡು ಸಲ ಕಣ್ಣೀರು ಹಾಕಿದರು, ಈ ತಿಂಗಳು ಎರಡು ಬಾರಿ ನಗದು ಕಡಿಮೆ ಬಂದು ಕೈಯಿಂದ ತುಂಬಿದರು. ಹೆಚ್ಚಿನ ಸಿಬ್ಬಂದಿ ಕೊಡಿ ಎಂದರೆ ಇಲ್ಲ ಎನ್ನುತ್ತಾರೆ. ನನ್ನ ಕೈಯಲ್ಲಿ ಏನಿದೆ?
(ಕೊಪ್ಪಳ ಜಿಲ್ಲೆ)

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ. ಐದು ದಿನ ಒಂದು ಲೆಕ್ಕ ಇಡಿ. ಕೌಂಟರ್ ಮುಂದೆ ಬಂದವರು ಯಾತಕ್ಕೆ ಬಂದರು ಎಂದು ಅಟೆಂಡರ್ ಕೈಯಲ್ಲಿ ಗೀಟು ಹಾಕಿಸಿ: ಹಣ ಕಟ್ಟಲು, ತೆಗೆಯಲು, ಪಾಸ್‌ಬುಕ್ ಎಂಟ್ರಿಗೆ, ‘ಗೃಹಲಕ್ಷ್ಮಿ ದುಡ್ಡು ಬಂತಾ ನೋಡ್ರಿ’ ಎನ್ನಲು, ಆಧಾರ್ ಜೋಡಣೆಗೆ. ಸಾಲಿನಲ್ಲಿ ನಿಂತವರಲ್ಲಿ ನಗದಿಗೆ ಸಂಬಂಧವೇ ಇಲ್ಲದವರು ಎಷ್ಟು ಮಂದಿ ಎಂಬುದು ಆಗ ಗೊತ್ತಾಗುತ್ತದೆ. ಅವರನ್ನು ಬಾಗಿಲ ಬಳಿಯೇ ಬೇರೆ ಮಾಡಿ. ಬ್ಯಾಂಕಿನ ಪರವಾಗಿ ಹಳ್ಳಿಗಳಲ್ಲಿ ಸೇವೆ ಕೊಡುವ ಬ್ಯಾಂಕ್ ಮಿತ್ರರನ್ನು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅಲ್ಲೊಂದು ಮೇಜಿಗೆ ಕೂರಿಸಿ, ಖಾತೆಯಲ್ಲಿ ಹಣ ಬಂದಿದೆಯೇ ಎಂದು ಅವರೇ ನೋಡಿ ಹೇಳಲಿ. ಪಾಸ್‌ಬುಕ್ ಯಂತ್ರ ಕೆಟ್ಟು ಕೂತಿದ್ದರೆ ಅದನ್ನು ರಿಪೇರಿ ಮಾಡಿಸುವುದೂ ಒತ್ತಡ ನಿವಾರಣೆಯೇ.

ನಗದು ಕಡಿಮೆ ಬರುವುದು ನಿರ್ಲಕ್ಷ್ಯದಿಂದ ಎಂದು ಮೊದಲೇ ತೀರ್ಮಾನಿಸಬೇಡಿ. ನೋಟು ಎಣಿಸುವಾಗ ನಡುವೆ ಯಾರೋ ‘ಮೇಡಂ, ಇದೊಂದು ಸಹಿ’ ಎಂದರೆ ಎಣಿಕೆ ತಪ್ಪುತ್ತದೆ. ದಣಿದ ತಲೆಗೆ ಕಡಿದುಹೋದ ಎಳೆಯನ್ನು ಮತ್ತೆ ಹಿಡಿಯುವುದು ಕಷ್ಟ. ತಪ್ಪಾಗುತ್ತದೆ, ಕೈಯಿಂದ ಹಣ ಹೋಗುತ್ತದೆ, ಮರುದಿನ ಭಯದಲ್ಲಿ ಮೂರು ಸಲ ಎಣಿಸುತ್ತಾರೆ, ಸಾಲು ಬೆಳೆಯುತ್ತದೆ, ಸಾಲಿನವರು ಕೂಗುತ್ತಾರೆ. ಈ ಸರಪಳಿ ಕಡಿಯಲು ಎರಡು ಮಾಡಿ. ಸಂಜೆ ನಗದು ಮುಗಿಸುವ ಇಪ್ಪತ್ತು ನಿಮಿಷ ಅವರ ಬಳಿ ಯಾರೂ ಯಾವ ಕಾಗದವನ್ನೂ ಒಯ್ಯಬಾರದು. ಮಧ್ಯಾಹ್ನ ಊಟದ ಅರ್ಧ ಗಂಟೆ ಪೂರ್ತಿ ಅವರದೇ ಆಗಿರಬೇಕು. ಆ ಹೊತ್ತಿಗೆ ಇನ್ನೊಬ್ಬರು ತಮ್ಮದೇ ಲಾಗಿನ್, ತಮ್ಮದೇ ನಗದು ಪೆಟ್ಟಿಗೆಯೊಂದಿಗೆ ಕೂರಲಿ, ಬೇರೆ ದಾರಿಯಿಲ್ಲದಿದ್ದರೆ ಕೌಂಟರ್ ಮುಚ್ಚಿ ಫಲಕ ಹಾಕಿ. ಅವರ ಪಾಸ್‌ವರ್ಡ್‌ನಲ್ಲಿ ಇನ್ನೊಬ್ಬರು ಕೆಲಸ ಮಾಡುವ ಅಡ್ಡದಾರಿ ಮಾತ್ರ ಬೇಡ. ನಾಳೆ ಹೆಚ್ಚುಕಡಿಮೆಯಾದರೆ ಅವರ ಕುತ್ತಿಗೆಗೇ ಬರುತ್ತದೆ.

ಇನ್ನು ವಾಟ್ಸಾಪ್ ಗುಂಪು. ವಿಮೆ ಪಾಲಿಸಿ ಯಾರು ಎಷ್ಟು ಮಾಡಿದರು ಎಂದು ರಾತ್ರಿ ಒಂಬತ್ತಕ್ಕೆ ಹೆಸರು ಹಾಕಿ ಪಟ್ಟಿ ಬಿಡುವ ರೂಢಿ ನಿಮ್ಮ ಶಾಖೆಯಲ್ಲಿದ್ದರೆ ನಿಲ್ಲಿಸಿ. ಮೇಲಿನ ಕಚೇರಿಯಿಂದ ಬಂದ ಅಂಥ ಸಂದೇಶವನ್ನು ಕೆಳಗೆ ತಳ್ಳದೆ ನಿಮ್ಮಲ್ಲೇ ತಡೆದು, ಬೆಳಿಗ್ಗೆ ಹತ್ತಕ್ಕೆ ಬೇಕಾದ್ದನ್ನಷ್ಟೇ ಹೇಳಿ.

ಸೂಕ್ಷ್ಮ ಹುದ್ದೆಗಳಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಅದರ ಉದ್ದೇಶ ವಂಚನೆ ಪತ್ತೆ, ವಿಶ್ರಾಂತಿಯಲ್ಲ. ಆದರೂ ನಿಮ್ಮ ಬ್ಯಾಂಕಿನ ಪಟ್ಟಿಯಲ್ಲಿ ಅವರ ಹುದ್ದೆಯಿದ್ದರೆ ಆ ಹತ್ತು ದಿನಕ್ಕೆ ಬದಲಿ ಕೊಡದೆ ಪ್ರಾದೇಶಿಕ ಕಚೇರಿಗೆ ಗತಿಯಿಲ್ಲ. ಬದಲಿ ಕೇಳುವ ಪತ್ರದಲ್ಲಿ ‘ಸಿಬ್ಬಂದಿ ಕೊರತೆಯಿದೆ’ ಎಂದಷ್ಟೇ ಬರೆದರೆ ಅದು ಕಡತ ಸೇರುತ್ತದೆ. ಐದು ದಿನದ ಗೀಟುಗಳ ಲೆಕ್ಕ, ನಗದು ಕಡಿಮೆ ಬಂದ ದಿನಾಂಕ, ಆ ದಿನ ನಡೆದ ವಹಿವಾಟಿನ ಸಂಖ್ಯೆ ಬರೆಯಿರಿ. ಅಂಕಿಗೆ ಉತ್ತರ ಕೊಡದಿರುವುದು ಅವರಿಗೂ ಕಷ್ಟ.

ಪ್ರಶ್ನೆ: ಬರ್ನ್‌ಔಟ್ ಕಾಯಿಲೆಯೇ? ಖಿನ್ನತೆಗೂ ಇದಕ್ಕೂ ಏನು ವ್ಯತ್ಯಾಸ? ವಿಮೆ ಸಿಗುತ್ತದೆಯೇ?
(ಶಿವಮೊಗ್ಗ)

ಉತ್ತರ: ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಮಾತ್ರ ಪಟ್ಟಿ ಮಾಡಿದೆ. ಖಿನ್ನತೆ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಒರಟಾಗಿ ಹೇಳುವುದಾದರೆ, ಬಸವಳಿದವರಿಗೆ ಆಫೀಸು ಬೇಡವಾಗಿರುತ್ತದೆ, ಆದರೆ ಊರಿನ ಜಾತ್ರೆಯೋ ಮಗುವಿನ ಆಟವೋ ಇನ್ನೂ ಖುಷಿ ಕೊಡುತ್ತದೆ. ಖಿನ್ನತೆಯಲ್ಲಿ ಅದೂ ರುಚಿಸುವುದಿಲ್ಲ. ಬೇಸರ ಅಥವಾ ನಿರಾಸಕ್ತಿ ಹೆಚ್ಚುಕಡಿಮೆ ದಿನವಿಡೀ, ಎರಡು ವಾರ ಬಿಡದೆ ಇದ್ದು, ಜೊತೆಗೆ ನಿದ್ದೆ, ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು. ಬರ್ನ್‌ಔಟ್ ಬಹಳ ದಿನ ಎಳೆದರೆ ಖಿನ್ನತೆಗೆ ದಾರಿಯಾಗಬಹುದು. ಬರೀ ಸುಸ್ತು ಎನ್ನುವವರು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಎಲ್ಲ ಸುಸ್ತಿಗೂ ಮ್ಯಾನೇಜರ್ ಕಾರಣನಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಸಿಗುತ್ತಾರೆ. ಈ ಕಾರ್ಯಕ್ರಮದ ಮಾದರಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ವಿಮೆಯ ಮಾತಿಗೆ ಬಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೈಹಿಕ ಕಾಯಿಲೆಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಪಾಲಿಸಿಯಲ್ಲಿ ಹೊರರೋಗಿ ಚಿಕಿತ್ಸೆ ಸೇರಿದೆಯೇ ಎಂಬುದನ್ನು ಮಾತ್ರ ಓದಿ ನೋಡಿ, ಸಮಾಲೋಚನೆಯ ಖರ್ಚು ಹೆಚ್ಚಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಕೈಕೆಳಗಿನ ಹುಡುಗಿಯೊಬ್ಬಳು ಮೊನ್ನೆ ‘ಸಾಕಾಗಿದೆ ಮೇಡಂ, ಇರೋದೇ ಬೇಡ ಅನ್ಸುತ್ತೆ’ ಎಂದಳು. ಆಮೇಲೆ ನಕ್ಕು ‘ಸುಮ್ನೆ ಹೇಳ್ದೆ’ ಎಂದಳು. ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು?
(ಹುಬ್ಬಳ್ಳಿ)

ಉತ್ತರ: ಪೂರ್ತಿ ಗಂಭೀರವಾಗಿ, ಇವತ್ತೇ. ಒಬ್ಬಳನ್ನೇ ಕೂರಿಸಿಕೊಂಡು ನೇರವಾಗಿ ಕೇಳಿ: ‘ಮೊನ್ನೆ ಹೇಳಿದ ಮಾತು ತಲೆಯಲ್ಲೇ ಉಳಿದಿದೆ. ಸಾಯಬೇಕು ಅಂತ ಯೋಚನೆ ಬರ್ತಿದ್ಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದವರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳಲು ಅದರಿಂದಲೇ ದಾರಿ ಸಿಗುತ್ತದೆ. ಹೌದು ಎಂದರೆ ಬುದ್ಧಿವಾದ ಹೇಳಬೇಡಿ, ಅಪ್ಪ ಅಮ್ಮನ ಮುಖ ನೋಡು ಎನ್ನಬೇಡಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾಳೆಯೇ ಕೇಳಿ. ಯೋಚಿಸಿದ್ದರೆ ಒಂಟಿಯಾಗಿ ಬಿಡಬೇಡಿ, ಅವಳು ನಂಬುವ ಮನೆಯವರನ್ನೋ ಗೆಳತಿಯನ್ನೋ ಕರೆಸಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತಕ್ಷಣದ ಅಪಾಯವಿದ್ದರೆ 112. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದುಕೊಟ್ಟು ಕೈತೊಳೆದುಕೊಳ್ಳಬೇಡಿ. ನಿಮ್ಮ ಮುಂದೆಯೇ ಫೋನ್ ಹಚ್ಚಿಕೊಟ್ಟು, ಬಾಗಿಲ ಹೊರಗೆ ಕಾದಿರಿ. ‘ಯಾರಿಗೂ ಹೇಳಬೇಡಿ’ ಎಂದರೆ ಆ ಮಾತು ಕೊಡಬೇಡಿ. ‘ಆಫೀಸಿನಲ್ಲಿ ಹರಡಲ್ಲ, ಆದರೆ ನಿನ್ನ ಜೀವಕ್ಕೆ ಬೇಕಾದವರಿಗೆ ಹೇಳ್ತೀನಿ’ ಎನ್ನಿ.

ಅವಳು ‘ಇಲ್ಲ ಮೇಡಂ’ ಎಂದರೂ ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳಿ.

ಪ್ರಶ್ನೆ: ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೇನೆ. ನಮ್ಮಲ್ಲಿ ಒಂದು ವಾರ ನೈಟ್, ನಂತರದ ವಾರ ಆಫ್ಟರ್‌ನೂನ್, ಅದರ ನಂತರ ಮಾರ್ನಿಂಗ್. ಸಿಬ್ಬಂದಿ ನಿಲ್ಲುತ್ತಿಲ್ಲ. ಡ್ಯೂಟಿ ಚಾರ್ಟ್ ಹೇಗೆ ಬದಲಿಸಲಿ?
(ದಾವಣಗೆರೆ)

ಉತ್ತರ: ಚಾರ್ಟನ್ನು ತಿರುಗಿಸಿ. ಮಾರ್ನಿಂಗ್, ಆಮೇಲೆ ಆಫ್ಟರ್‌ನೂನ್, ಆಮೇಲೆ ನೈಟ್. ದೇಹದೊಳಗಿನ ಗಡಿಯಾರ 24 ಗಂಟೆಗಿಂತ ತುಸು ಉದ್ದ. ತಡವಾಗಿ ಮಲಗುವುದಕ್ಕೆ ಅದು ಬೇಗ ಒಗ್ಗುತ್ತದೆ, ಬೇಗ ಮಲಗು ಎಂದರೆ ಒಗ್ಗುವುದಿಲ್ಲ. ನಿಮ್ಮ ಈಗಿನ ಚಾರ್ಟ್ ಪ್ರತಿ ವಾರ ಆ ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತಿದೆ.

ಸಾಲಾಗಿ ಏಳು ನೈಟ್ ಬೇಡ, ಎರಡು ಅಥವಾ ಮೂರಕ್ಕೆ ನಿಲ್ಲಿಸಿ. ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗಲು ಕನಿಷ್ಠ 11 ಗಂಟೆ ಇರಲಿ. ಕಾಗದದ ಮೇಲೆ ಆಫ್ಟರ್‌ನೂನ್ ಪಾಳಿ ರಾತ್ರಿ 8ಕ್ಕೆ ಮುಗಿಯುತ್ತದೆ, ಹ್ಯಾಂಡ್‌ಓವರ್ ಕೊಟ್ಟು ಹೊರಡುವಾಗ 8.45. ಮಾರನೆಯ ದಿನ ಬೆಳಿಗ್ಗೆ 7.30ಕ್ಕೆ ಹಾಜರಾಗಬೇಕೆಂದರೆ ನಡುವೆ ಇರುವುದು ಹತ್ತೂಮುಕ್ಕಾಲು ಗಂಟೆ. ಬಸ್ಸು, ಅಡುಗೆ, ಮಗುವಿನ ಡಬ್ಬಿ ಕಳೆದರೆ ನಿದ್ದೆಗೆ ಎಷ್ಟು ಉಳಿಯಿತು ನೋಡಿ. ಆಫ್ಟರ್‌ನೂನ್ ಮರುದಿನವೇ ಮಾರ್ನಿಂಗ್ ಹಾಕುವ ರೂಢಿ ಮೊದಲು ಹೋಗಬೇಕು.

ನರ್ಸ್‌ಗಳ ನಿಜವಾದ ಸಿಟ್ಟು ಇರುವುದು ಇನ್ನೊಂದರ ಮೇಲೆ: ನೈಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಹೋದ ದಿನವನ್ನೇ ಚಾರ್ಟಿನಲ್ಲಿ ‘ಆಫ್’ ಎಂದು ಬರೆಯುವುದು. ಅದು ನಿದ್ದೆಯ ದಿನ. ಆಫ್ ಅದರ ಮರುದಿನ. ಅಂಥ ದಿನ ಹನ್ನೊಂದು ಗಂಟೆಗೆ ಫೋನ್ ಮಾಡಿ ಔಷಧಿ ಕಪಾಟಿನ ಬೀಗದ ಕೈ ಎಲ್ಲಿ ಎಂದು ಕೇಳುವುದೂ ನಿಲ್ಲಲಿ. ತರಬೇತಿ, ಮೀಟಿಂಗ್ ಕೂಡ ಆ ದಿನ ಇಡಬೇಡಿ.

ರಾತ್ರಿ ಎರಡರಿಂದ ನಾಲ್ಕರ ನಡುವೆ ಸರದಿಯಲ್ಲಿ ಇಪ್ಪತ್ತು ನಿಮಿಷ ಕಣ್ಣುಮುಚ್ಚಲು ಅವಕಾಶ ಕೊಡಿ, ಆ ಹೊತ್ತಿಗೆ ವಾರ್ಡ್ ಯಾರ ಜವಾಬ್ದಾರಿ ಎಂದು ಹೆಸರು ಬರೆದಿರಲಿ. ಹೆಚ್ಚು ಹೊತ್ತು ಮಲಗಿದರೆ ಎದ್ದಾಗ ಮಂಪರು ಹಿಡಿದುಕೊಳ್ಳುತ್ತದೆ. ಕುಡಿದ ಕಾಫಿಯ ಅರ್ಧದಷ್ಟು ಕೆಫೀನ್ ಸುಮಾರು ಐದು ಗಂಟೆ ಕಳೆದರೂ ಮೈಯಲ್ಲಿರುತ್ತದೆ, ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಮಲಗುವವರು ರಾತ್ರಿ ಮೂರರ ನಂತರ ಕಾಫಿ ಬಿಡುವುದು ಒಳ್ಳೆಯದು. ನೈಟ್ ಮುಗಿಸಿದವರು ಸ್ಕೂಟರ್ ಓಡಿಸಿಕೊಂಡು ಹೋಗುವ ದೂರ ಹೆಚ್ಚಿದ್ದರೆ ಆಸ್ಪತ್ರೆಯ ವಾಹನದಲ್ಲಿ ಬಿಡಿಸಿ.

ಪ್ರಶ್ನೆ: ಆ ಬಸವಳಿದವಳು ನಾನೇ. ಮ್ಯಾನೇಜರ್‌ಗೆ ಹೇಗೆ ಹೇಳಲಿ? ದುರ್ಬಲಳು ಎಂದುಕೊಂಡರೆ? ಕಾನೂನಿನಲ್ಲಿ ಏನಾದರೂ ಇದೆಯೇ?
(ಬೆಂಗಳೂರು)

ಉತ್ತರ: ‘ತುಂಬಾ ಸ್ಟ್ರೆಸ್ ಆಗ್ತಿದೆ’ ಎಂದರೆ ಅವರಿಗೆ ಮಾಡಲು ಏನೂ ಸಿಗುವುದಿಲ್ಲ, ‘ರಜೆ ತಗೊಳಿ’ ಎಂದುಬಿಡುತ್ತಾರೆ. ಆಯ್ಕೆಯ ಪ್ರಶ್ನೆಯಾಗಿ ಬರೆಯಿರಿ: ‘ಸರ್, ಈ ವಾರ ನನ್ನ ಬಳಿ ಎ, ಬಿ, ಸಿ ಮೂರೂ ಇವೆ, ಒಟ್ಟು 56 ಗಂಟೆಯ ಕೆಲಸ. ಎ ಮತ್ತು ಬಿ ಶುಕ್ರವಾರಕ್ಕೆ ಮುಗಿಸಬಲ್ಲೆ. ಸಿ ಮುಂದಿನ ಬುಧವಾರಕ್ಕೆ ಹೋಗಲಿ ಅಥವಾ ಬೇರೆಯವರಿಗೆ ಕೊಡಿ. ಯಾವುದು ಸರಿ ತಿಳಿಸಿ.’ ಇದರಲ್ಲಿ ದೌರ್ಬಲ್ಯದ ಮಾತೇ ಇಲ್ಲ, ನಿರ್ಧಾರ ಅವರ ಮೇಜಿಗೆ ಹೋಯಿತು. ಉತ್ತರ ಬಾರದಿದ್ದರೂ ಆ ಮೇಲ್ ದಾಖಲೆಯಾಗಿ ಉಳಿಯುತ್ತದೆ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನಿಗದಿ ಮಾಡಿದ್ದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಓವರ್‌ಟೈಮ್ ಸೇರಿ ದಿನಕ್ಕೆ 10, ಮೂರು ತಿಂಗಳಿಗೆ ಒಟ್ಟು 50 ಗಂಟೆ ಓವರ್‌ಟೈಮ್, ಅದಕ್ಕೆ ದುಪ್ಪಟ್ಟು ವೇತನ. ಆಡಳಿತ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ. ಕೈಕೆಳಗೆ ಒಬ್ಬರೂ ಇಲ್ಲದವರಿಗೂ ಹೆಸರಿಗೆ ‘ಮ್ಯಾನೇಜರ್’ ಪಟ್ಟ ಕಟ್ಟುವ ಕಂಪನಿಗಳಿವೆ, ನಿಮ್ಮ ಹುದ್ದೆಯ ನಿಜವಾದ ಕೆಲಸವೇನು ಎಂಬುದನ್ನು ನೋಡಿ. ಹೇಗಿದ್ದರೂ ಎರಡು ತಿಂಗಳು ನೀವು ಕೂತ ಹೊತ್ತು, ಎದ್ದ ಹೊತ್ತು ಒಂದು ಪುಸ್ತಕದಲ್ಲಿ ಬರೆದಿಡಿ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿವೆ. ನಿಮ್ಮ ಪುಸ್ತಕದ ಮೊತ್ತ 55 ದಾಟುತ್ತಿದ್ದರೆ ಇದು ಬರೀ ಮನಸ್ಸಿನ ಪ್ರಶ್ನೆಯಾಗಿ ಉಳಿದಿಲ್ಲ.

ಪ್ರಶ್ನೆ: ಒಂದು ತಿಂಗಳು ವೈದ್ಯಕೀಯ ರಜೆಯಲ್ಲಿದ್ದ ಸಹೋದ್ಯೋಗಿ ಮುಂದಿನ ವಾರ ಮರಳುತ್ತಿದ್ದಾರೆ. ತಂಡದ ಮುಖ್ಯಸ್ಥನಾಗಿ ಏನು ಸಿದ್ಧತೆ ಮಾಡಲಿ?
(ಮಂಗಳೂರು)

ಉತ್ತರ: ಸೋಮವಾರ ಕರೆಯಬೇಡಿ, ಬುಧವಾರ ಅಥವಾ ಗುರುವಾರ ಬರಲಿ. ಮೊದಲ ವಾರ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಎರಡು ದಿನ ಮುಂಚೆ ಫೋನ್ ಮಾಡಿ ಒಂದು ವಿಷಯ ಕೇಳಿಕೊಳ್ಳಿ: ‘ಟೀಮಿನವರಿಗೆ ಏನು ಹೇಳಲಿ?’ ಅವರು ಹೇಳಿದಷ್ಟೇ ಹೇಳಿ. ಕಾಯಿಲೆಯ ಹೆಸರು ನಿಮಗೂ ಬೇಕಿಲ್ಲ, ವೈದ್ಯರು ಬರೆದ ‘ಇಷ್ಟು ಗಂಟೆ, ಇಂಥ ಕೆಲಸ ಬೇಡ’ ಎಂಬ ಸಾಲು ಸಾಕು. ಕೇಕು, ಬಲೂನು ಬೇಡ.

ಒಂದು ತಿಂಗಳ ಮೇಲ್‌ಗಳನ್ನು ಅವರಿಂದ ಓದಿಸಬೇಡಿ. ಯಾರಾದರೊಬ್ಬರು ಮುಖ್ಯವಾದದ್ದನ್ನು ಒಂದು ಪುಟಕ್ಕೆ ಇಳಿಸಿ ಕೊಡಲಿ, ಉಳಿದದ್ದು ಬೇರೆ ಫೋಲ್ಡರ್‌ಗೆ ಹೋಗಲಿ. ಮೊದಲೆರಡು ವಾರ ಅರ್ಧ ಹೊರೆ, ಮುಂದಿನೆರಡು ವಾರ ಮುಕ್ಕಾಲು. ಆರು ವಾರ ರಾತ್ರಿ ಫೋನ್ ಇಲ್ಲ. ಮೂರನೇ ವಾರದ ಹೊತ್ತಿಗೆ ಮರುಕಳಿಸದಂತೆ ಎಚ್ಚರ ಬೇಕು, ಏಕೆಂದರೆ ಅಷ್ಟರಲ್ಲಿ ಅವರು ನಗುತ್ತಾ ಓಡಾಡುತ್ತಿರುತ್ತಾರೆ, ನೀವು ಮರೆತಿರುತ್ತೀರಿ. ಎರಡನೇ, ನಾಲ್ಕನೇ, ಎಂಟನೇ ವಾರದ ಭೇಟಿಯನ್ನು ಇವತ್ತೇ ಕ್ಯಾಲೆಂಡರ್‌ಗೆ ಹಾಕಿ. ವರ್ಷದ ಮೌಲ್ಯಮಾಪನದಲ್ಲಿ ಹನ್ನೊಂದು ತಿಂಗಳ ಕೆಲಸವನ್ನು ಹನ್ನೊಂದು ತಿಂಗಳ ಗುರಿಗೆ ಹೋಲಿಸಿ ನೋಡಿ, ಹನ್ನೆರಡಕ್ಕಲ್ಲ.

ಹಾಂ, ತಿಂಗಳು ಬಿಟ್ಟು ಬಂದವರ ಪಾಸ್‌ವರ್ಡ್ ಅವಧಿ ಮುಗಿದಿರುತ್ತದೆ, ಗೇಟಿನ ಕಾರ್ಡ್ ಕೂಡ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ. ಸೆಕ್ಯೂರಿಟಿಯವರ ಮುಂದೆ ಇಪ್ಪತ್ತು ನಿಮಿಷ ನಿಂತು ತಾನು ಇಲ್ಲಿಯವನೇ ಎಂದು ವಿವರಿಸುವ ಹಾಗಾಗದಿರಲಿ. ಎರಡನ್ನೂ ಹಿಂದಿನ ದಿನವೇ ಸರಿಮಾಡಿಸಿಡಿ.